ಎಲ್ಲಿಯ ತನಕ ಭಾಗಿಸಬೇಕು?

ಮಂಡ್ಯದ ಕಡೆ ಆಲೆಮನೆ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: 'ಮಗನ ಮೊಬೈಲ್ ಆಟದಲ್ಲಿ ಪಾಯಿಂಟು 2147483647ಕ್ಕೆ ಬಂದು ನಿಂತುಬಿಟ್ಟಿತು. ಇದು ಅವಿಭಾಜ್ಯ ಸಂಖ್ಯೆ ಅಂತಾನೆ ಅವನು. ಲೆಕ್ಕದ ಪುಸ್ತಕದ ಹಿಂದೆ 101ರವರೆಗೆ ಭಾಗಿಸಿ ನೋಡಿದೆ. ಯಾವುದರಿಂದಲೂ ಹೋಗಲಿಲ್ಲ, ಸಾಕಾಯಿತು. ಎಲ್ಲಿಯ ತನಕ ಭಾಗಿಸಬೇಕು? ಆಟ ಅಲ್ಲೇ ನಿಂತಿದ್ದು ಯಾಕೆ?'

ಸ್ವಾಮಿ, ನಿಮ್ಮ ಮಗ ಹೇಳಿದ್ದು ಸರಿ. ಆಟದ ವಿಷಯ ಮೊದಲು ಮುಗಿಸಿಬಿಡೋಣ. ಎಷ್ಟೋ ಪ್ರೋಗ್ರಾಮುಗಳು ಒಂದು ಸಂಖ್ಯೆಗೆ 32 ಬಿಟ್ ಜಾಗ ಇಡುತ್ತವೆ. ಬಿಟ್ ಅಂದರೆ 0 ಇಲ್ಲವೇ 1 ಹಿಡಿಸುವ ಒಂದು ಮನೆ. ಪ್ಲಸ್ಸೋ ಮೈನಸ್ಸೋ ಅನ್ನುವುದಕ್ಕೆ ಒಂದು ಹೋಯಿತು. ಉಳಿದ 31ರಲ್ಲೂ 1 ತುಂಬಿದರೆ ಬರುವುದೇ ಈ ಸಂಖ್ಯೆ. ಅಂದರೆ 31 ಎರಡುಗಳ ಗುಣಲಬ್ಧದಲ್ಲಿ ಒಂದು ಕಡಿಮೆ. ಮುಂದಕ್ಕೆ ಜಾಗವಿಲ್ಲ, ಅಷ್ಟೇ. ಅದು ಅವಿಭಾಜ್ಯವಾಗಿದ್ದಕ್ಕೆ ಆಟ ನಿಂತಿದ್ದಲ್ಲ.

ಈಗ ಭಾಗಾಕಾರ. ಇಷ್ಟು ಅಚ್ಚುಬೆಲ್ಲ ಇದೆ ಅಂದುಕೊಳ್ಳಿ. ಒಂದೂ ಮಿಗದಂತೆ ಸಮಸಮ ಸಾಲು ಜೋಡಿಸಬೇಕು. ಸಾಲು ಉದ್ದವಾದಷ್ಟೂ ಸಾಲುಗಳ ಎಣಿಕೆ ಇಳಿಯುತ್ತದೆ. ಉದ್ದ, ಅಗಲ ಎರಡೂ 46340 ದಾಟಿದರೆ ಬೆಲ್ಲವೇ ಸಾಲದು. ಹಾಗಾಗಿ 46340ಕ್ಕೆ ನಿಲ್ಲಿಸಬಹುದು. ಆದರೂ, ಬರೀ ಅವಿಭಾಜ್ಯಗಳಿಂದ ಭಾಗಿಸಿದರೂ ನಾಲ್ಕು ಸಾವಿರಕ್ಕೂ ಜಾಸ್ತಿ ಲೆಕ್ಕ!

1772ರ ಹೊತ್ತಿಗೇ ಇದು ಅವಿಭಾಜ್ಯ ಎಂದು ಗಣಿತಜ್ಞ ಆಯ್ಲರ್ ಸಾಧಿಸಿಬಿಟ್ಟಿದ್ದರು. ಆಗ ಅವರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದರು, ಕಣ್ಣು ಬಹುತೇಕ ಹೋಗಿತ್ತು. ಅಷ್ಟೊಂದು ಭಾಗಾಕಾರ ಮಾಡಲಿಲ್ಲ ಅವರು. ದಾರಿಯನ್ನು ಚಿಕ್ಕ ಉದಾಹರಣೆಯಲ್ಲಿ ನೋಡಿ. 11 ಎರಡುಗಳನ್ನು ಗುಣಿಸಿ ಒಂದು ಕಳೆದರೆ 2047. (11 ಅವಿಭಾಜ್ಯವಾದರೂ ಇದು ಅಲ್ಲ. ಮಗನಿಗೆ ಹೇಳಿ, ಮುಂದೆ ಮೋಸ ಹೋಗಬಾರದಲ್ವಾ.) 2047 ಅಂದರೆ 23 ಗುಣಿಸು 89. ಎರಡನ್ನೂ 22ರಿಂದ, ಅಂದರೆ 11ರ ಎರಡರಷ್ಟರಿಂದ, ಭಾಗಿಸಿದರೆ 1 ಉಳಿಯುತ್ತದೆ. ಇದು ಕಾಕತಾಳೀಯವಲ್ಲ, ನಿಯಮ. ನಿಮ್ಮ ಸಂಖ್ಯೆಯಲ್ಲಿ 31 ಎರಡುಗಳು. ಅದನ್ನು ಭಾಗಿಸಬಲ್ಲ ಯಾವುದೇ ಸಂಖ್ಯೆ 62ರಿಂದ ಭಾಗಿಸಿದಾಗ 1 ಉಳಿಸಲೇಬೇಕು. ಜೊತೆಗೆ 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡೂ ಜರಡಿ ಹಿಡಿದರೆ 46340ರೊಳಗೆ ಮಿಗುವುದು 373 ಸಂಖ್ಯೆ. ಅದರಲ್ಲೂ ಅವಿಭಾಜ್ಯವಲ್ಲದ್ದನ್ನು ತೆಗೆದರೆ ನೂರಕ್ಕಿಂತ ಕಡಿಮೆ.

ಹೇಳೋಕೆ ಸಂಕೋಚ. ಈ ಜರಡಿಯಲ್ಲಿ ಉಳಿಯುವ ಮೊದಲ ಅವಿಭಾಜ್ಯ 311. ನೀವು 101ರವರೆಗೆ ಪಟ್ಟ ಪಾಡು ಒಂದೂ ಬೇಕಿರಲಿಲ್ಲ! ನಿನ್ನೆ ಸಂಜೆ ಮೈಸೂರಿನ ನಮ್ಮ ಕಚೇರಿಯಲ್ಲಿ, ಪುಟ ಕಟ್ಟುವವರು ಕಾಯುತ್ತಾ ಕೂತಿದ್ದರೂ, 311ರಿಂದ ನಾನೇ ಭಾಗಿಸಿದೆ. 35 ಉಳಿಯಿತು. ಮುಂದಿನದು 1303. ಅದನ್ನು ನಿಮಗೆ ಬಿಟ್ಟಿದ್ದೇನೆ.

ಸಂ.