ಎಸ್‌ಒಸಿಯಿಂದ ಸೀಸೋ ಕುರ್ಚಿಗೆ ಹೋಗ್ಬೇಕು ಅಂದ್ರೆ ಏನು ಕಲೀಬೇಕು?

ಆರು ವರ್ಷದಿಂದ ಬೆಂಗಳೂರಲ್ಲಿ ಎಸ್‌ಒಸಿ (ಸೈಬರ್ ದಾಳಿ ಆಗ್ತಿದ್ಯಾ ಅಂತ ಕಾಯೋ ತಂಡ) ಅನಲಿಸ್ಟ್ ಆಗಿದೀನಿ, ಮುಂದೆ ಸಿಐಎಸ್‌ಒ, ಅಂದ್ರೆ ಕಂಪನಿಯ ಮಾಹಿತಿ ಭದ್ರತೆ ಮುಖ್ಯಸ್ಥ, ಆಗೋಕೆ ಯಾವ ಸರ್ಟಿಫಿಕೇಟ್ ಮಾಡ್ಬೇಕು, ಅವರ ಕೆಲಸ ನಿಜವಾಗ್ಲೂ ಏನು ಅಂತ ಕೇಳಿದೀರ. ನಾನು ಒಂದು ಹಣಕಾಸು ಸಂಸ್ಥೇಲಿ ನಾಲ್ಕು ವರ್ಷದಿಂದ ಸಿಐಎಸ್‌ಒ ಕೆಲಸದಲ್ಲೇ ಇದೀನಿ (ಬಾಯಲ್ಲಿ ಎಲ್ಲರೂ ಸೀಸೋ ಅಂತಾರೆ), ಅದಕ್ಕೆ ಮುಂಚೆ ಫೈರ್‌ವಾಲು, ಆಡಿಟ್ಟು ಅಂತ ಹದಿನಾಲ್ಕು ವರ್ಷ, ಹಾಗಾಗಿ ನನ್ನ ಅನುಭವಕ್ಕೆ ಬಂದಿದ್ದು ಹೇಳ್ತೀನಿ.

ಸರ್ಟಿಫಿಕೇಟ್ ವಿಷಯ ಮೊದಲೇ ಮುಗಿಸ್ಬಿಡ್ತೀನಿ. ಸಿಐಎಸ್‌ಎಸ್‌ಪಿ ಅಥವಾ ಸಿಐಎಸ್‌ಎಂ ಒಂದು ಇರ್ಲಿ, ಎರಡಕ್ಕೂ 5 ವರ್ಷದ ಅನುಭವ ಕೇಳ್ತಾರೆ. ರೆಸ್ಯೂಮೆ ಎಚ್‌ಆರ್ ಟೇಬಲ್ ದಾಟೋಕೆ ಅದು ಬೇಕು, ಅಷ್ಟೇ.

ಈಗ ಕೆಲಸದ ವಿಷಯ. ಎಸ್‌ಒಸಿಲಿ ಅಲರ್ಟ್ ಬರತ್ತೆ, ನೋಡ್ತೀರ, ಟಿಕೆಟ್ ಮುಚ್ತೀರ. ಸೀಸೋ ಮುಚ್ಚೋ ಟಿಕೆಟ್ ಯಾವುದೂ ಇರಲ್ಲ. ಯಾವ ಅಪಾಯನ ಕಂಪನಿ ತಡ್ಕೊಳತ್ತೆ, ಯಾವುದನ್ನ ತಡ್ಕೊಳಕ್ಕಾಗಲ್ಲ, ತಡ್ಕೊಳ್ಳೋದಾದ್ರೆ ಯಾರ ಹೆಸರಲ್ಲಿ ಅನ್ನೋದನ್ನ ಹಾಳೆ ಮೇಲೆ ತರೋದೇ ಮುಖ್ಯ ಕೆಲಸ. ಇದು ನನಗೆ ತಿಳಿದಿದ್ದು ಸೇರಿದ ಮೊದಲ ವರ್ಷ. ಸಾಲದ ವಿಭಾಗದಲ್ಲಿ ಒಂದು ಹಳೇ ಸರ್ವರ್ ಇತ್ತು, ಸಪೋರ್ಟ್ ಮುಗಿದು ಪ್ಯಾಚೇ (ಭದ್ರತೆಯ ತೂತು ಮುಚ್ಚೋ ಅಪ್‌ಡೇಟ್) ಬರ್ತಿರ್ಲಿಲ್ಲ. ನಾಲ್ಕು ಸಲ ಮೇಲ್ ಹಾಕಿದೆ, ಒಂದ್ಸಲ ಮಂತ್ ಎಂಡ್ ಅಂದ್ರು, ಒಂದ್ಸಲ ಕ್ವಾರ್ಟರ್ ಕ್ಲೋಸಿಂಗ್, ಆಮೇಲೆ ದೀಪಾವಳಿ ಟೈಮಲ್ಲಿ ಲೋನ್ ಜಾಸ್ತಿ ಈಗ ಮುಟ್ಟೋದೇ ಬೇಡ ಅಂದ್ರು. ಐದನೇ ಸಲ ನಲವತ್ತು ಪುಟದ ರಿಪೋರ್ಟ್ ಬಿಟ್ಟು ಒಂದೇ ಪುಟ ಬರೆದೆ. ಈ ಸರ್ವರಲ್ಲಿ ಎಷ್ಟು ಗ್ರಾಹಕರ ಪ್ಯಾನ್ ಆಧಾರ್ ಇದೆ, ಇದು ಬಿದ್ರೆ ಎಷ್ಟು ದಿನ ಸಾಲ ಕೊಡಕ್ಕಾಗಲ್ಲ, ಸರಿ ಮಾಡೋಕೆ ಎಷ್ಟು ಗಂಟೆ ಬೇಕು, ಕೊನೇಲಿ "ಈ ಅಪಾಯ ಗೊತ್ತಿದ್ದೂ ಇನ್ನು ಮೂರು ತಿಂಗಳು ಹೀಗೇ ನಡೆಸೋಕೆ ಒಪ್ಪಿದೀನಿ" ಅಂತ ಒಂದು ಸಾಲು, ಕೆಳಗೆ ವಿಭಾಗದ ಮುಖ್ಯಸ್ಥರ ಹೆಸರು, ಸಹಿಗೆ ಜಾಗ. ಅವರು ಪೆನ್ ತೆಗೆದ್ರು, ಎರಡು ಸಲ ಓದಿದ್ರು, ಪೆನ್ ಮುಚ್ಚಿ ಜೇಬಿಗಿಟ್ಟು "ಭಾನುವಾರ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ತಗೊಳ್ಳಿ" ಅಂದ್ರು. ಅವರೇನು ಕೆಟ್ಟ ಮನುಷ್ಯ ಅಲ್ಲ, ಅಲ್ಲೀವರೆಗೆ ನಾನು ಅವರಿಗೆ ಅರ್ಥ ಆಗೋ ಹಾಗೆ ಹೇಳೇ ಇರ್ಲಿಲ್ಲ. ಈಗ ಆಗಿದ್ರೆ ಇನ್ನೊಂದು ಸಾಲು ಸೇರಿಸ್ತಿದ್ದೆ, 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೇಲಿ ಡೇಟಾಗೆ ಸರಿಯಾದ ಭದ್ರತೆ ಕೊಡದೇ ಇದ್ರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ ಅಂತ.

ಇಂಥ ಹಾಳೆ ಕೊಡೋ ಧೈರ್ಯ ಇರ್ಬೇಕು ಅಂದ್ರೆ ನೀವು ಯಾರ ಕೈಕೆಳಗೆ ಇದೀರ ಅನ್ನೋದು ಬಹಳ ಮುಖ್ಯ. ಆರ್‌ಬಿಐ 2023ರ ನವೆಂಬರಲ್ಲಿ ಹೊರಡಿಸಿ 2024ರ ಏಪ್ರಿಲಿಂದ ಜಾರಿಗೆ ತಂದ ನಿರ್ದೇಶನದಲ್ಲಿ ಸೀಸೋ ನೇರವಾಗಿ ಐಟಿ ಮುಖ್ಯಸ್ಥರಿಗೆ ರಿಪೋರ್ಟ್ ಮಾಡಬಾರದು, ಬಿಸಿನೆಸ್ ಟಾರ್ಗೆಟ್ ಕೊಡಬಾರದು ಅಂತ ಸ್ಪಷ್ಟವಾಗಿ ಇದೆ. ಇಂಟರ್ವ್ಯೂಲಿ ಸಂಬಳಕ್ಕಿಂತ ಮೊದ್ಲು ಇದನ್ನ ಕೇಳಿ.

ಇನ್ನು ರಾತ್ರಿ ಫೋನು. ಪುಣೆಯ ಕಾಸ್ಮೋಸ್ ಬ್ಯಾಂಕಲ್ಲಿ 94 ಕೋಟಿ ಹೋಗಿದ್ದು ಶುರುವಾಗಿದ್ದು 2018ರ ಆಗಸ್ಟ್ 11ಕ್ಕೆ, ಎರಡನೇ ಶನಿವಾರ, ಬ್ಯಾಂಕಿಗೆ ರಜಾ. ಹ್ಯಾಕರ್‌ಗಳು ರಜಾ ದಿನ ನೋಡ್ಕೊಂಡೇ ಬರ್ತಾರೆ. ನಮ್ಮಲ್ಲೂ ಒಂದು ಶುಕ್ರವಾರ ರಾತ್ರಿ ವೆಂಡರ್ ಅಕೌಂಟಿಂದ ವಿಚಿತ್ರ ಲಾಗಿನ್ ಕಾಣಿಸ್ತು, ಕಾಲ್‌ನಲ್ಲಿದ್ದ ಹತ್ತು ಜನಕ್ಕೂ ನಾನು "ಏನೂ ಆಗಿಲ್ಲ" ಅಂದ್ರೆ ಸಾಕಿತ್ತು, ಸೋಮವಾರ ಖಚಿತ ಮಾಡ್ಕೊಂಡು ಹೇಳೋಣ ಅಂದ್ರು. ಆದ್ರೆ ಸೈಬರ್ ದಾಳಿಗಳನ್ನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಪ್ರಕಾರ ಗಮನಕ್ಕೆ ಬಂದ 6 ಗಂಟೆ ಒಳಗೆ ಅವರಿಗೆ ತಿಳಿಸ್ಬೇಕು, ಖಚಿತ ಆದ್ಮೇಲೆ ಅಲ್ಲ. ಗೊತ್ತಿದ್ದಷ್ಟು ಬರೆದು ಕಳಿಸ್ದೆ. ಊಬರ್‌ನ ಆಗಿನ ಭದ್ರತಾ ಮುಖ್ಯಸ್ಥ ಜೋ ಸಲಿವನ್ 2016ರಲ್ಲಿ 5.7 ಕೋಟಿ ಜನರ ಡೇಟಾ ಹೋದಾಗ ಹ್ಯಾಕರ್‌ಗಳಿಗೆ ಬಗ್ ಬೌಂಟಿ (ಭದ್ರತೆಯ ತಪ್ಪು ಹುಡುಕಿ ಹೇಳಿದವರಿಗೆ ಕೊಡೋ ಬಹುಮಾನ) ಲೆಕ್ಕದಲ್ಲಿ 1 ಲಕ್ಷ ಡಾಲರ್ ಕೊಟ್ಟು ಮುಚ್ಚಿಟ್ಟಿದ್ದಕ್ಕೆ 2022ರಲ್ಲಿ ಅಪರಾಧಿ ಅಂತ ತೀರ್ಪಾಯ್ತು, ಶಿಕ್ಷೆ ಬಂದಿದ್ದು ಅವರ ಸ್ವಂತ ಹೆಸರಿಗೆ. ಇದನ್ನ ತಿಳ್ಕೊಂಡೇ ಈ ಕುರ್ಚಿಗೆ ಬನ್ನಿ.

ಇನ್ನೊಂದು, ಜನರ ಜೊತೆ ಅವರ ಭಾಷೇಲಿ ಮಾತಾಡೋದು. ದಾವಣಗೆರೆ ಬ್ರಾಂಚಲ್ಲಿ ಇಂಗ್ಲಿಷ್ ಸ್ಲೈಡ್ ಹಾಕಿದಾಗ ಎಲ್ಲರೂ ತಲೆ ಆಡಿಸಿ ಟೀ ಕುಡಿಯೋಕೆ ಹೋದ್ರು. ಮುಂದಿನ ಸಲ ಸ್ಲೈಡೇ ಇಲ್ಲದೆ ಕನ್ನಡದಲ್ಲಿ ಕೂತು ಮಾತಾಡಿದೆ, ಆಗ ಕೌಂಟರಲ್ಲಿರೋ ಮೇಡಂ ಒಬ್ರು "ಸರ್, ಮ್ಯಾನೇಜರ್ ಪಾಸ್‌ವರ್ಡ್ ನಮಗೆಲ್ಲ ಗೊತ್ತು, ಅವರು ರಜಾ ಹಾಕಿದ ದಿನ ಅಪ್ರೂವಲ್ ನಿಲ್ಬಾರ್ದು ಅಂತ ಅವರೇ ಹೇಳಿರ್ತಾರೆ" ಅಂದ್ರು. ಲಕ್ಷಗಟ್ಟಲೆ ಕೊಟ್ಟು ತಂದ ಯಾವ ಟೂಲೂ ಇದನ್ನ ಹೇಳಿರ್ಲಿಲ್ಲ. ಯಾರಿಗೂ ಬೈಲಿಲ್ಲ, ಮ್ಯಾನೇಜರ್ ಇಲ್ಲದ ದಿನ ಅಪ್ರೂವ್ ಮಾಡೋಕೆ ಇನ್ನೊಬ್ರಿಗೆ ಅಧಿಕೃತವಾಗಿ ಲಾಗಿನ್ ಕೊಡಿಸಿದ್ವಿ.

ನಿಮಗೆ ನನ್ನ ಸಲಹೆ, ಎಸ್‌ಒಸಿಲೇ ಇನ್ನೂ ಆರು ವರ್ಷ ಇರ್ಬೇಡಿ, ಎರಡು ವರ್ಷ ಆಡಿಟ್ ಅಥವಾ ರಿಸ್ಕ್ ಟೀಮಿಗೆ ಹೋಗಿ. ಅದಕ್ಕೂ ಮೊದ್ಲು, ಈ ತಿಂಗಳು ನಿಮಗೆ ಪದೇ ಪದೇ ಬಂದ ಒಂದು ಅಲರ್ಟ್ ತಗೊಂಡು ಅದು ಯಾಕೆ ಬರ್ತಾನೇ ಇದೆ, ಅದರಿಂದ ಬಿಸಿನೆಸ್‌ಗೆ ಏನು ತೊಂದ್ರೆ ಅಂತ ಒಂದೇ ಪುಟ ಬರೆದು ನಿಮ್ಮ ಮ್ಯಾನೇಜರ್‌ಗೆ ಕೊಡಿ. ಅವರೇನಂದ್ರು ಅಂತ ಇಲ್ಲಿ ಹಾಕಿ, ಮುಂದಿನದು ಮಾತಾಡೋಣ.