ಓದುಗರ ಪ್ರಶ್ನೆ: ಹಿನ್ನೀರು, ಎರೆಹೊಲ, ಕ್ಯಾಮೆರಾ

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಹೆರಕಲ್ ಕಡೆ ಪಟ್ಟೆತಲೆ ಹೆಬ್ಬಾತುಗಳ ಫೋಟೊ ತೆಗೆದೆ. 150–600 ಎಂ.ಎಂ. ಲೆನ್ಸ್, ಶಟರ್ 1/2000 ಸೆಕೆಂಡ್. ಆದರೂ ಒಂದೂ ಚೊಕ್ಕ ಬಂದಿಲ್ಲ, ಗರಿಗಳೆಲ್ಲ ಕಲಸಿದಂತಿವೆ. ಲೆನ್ಸ್ ರಿಪೇರಿಗೆ ಕೊಡಲೇ?
– ಬಾಗಲಕೋಟೆಯ ಓದುಗರು

ಉತ್ತರ: ಕೊಡುವ ಮೊದಲು ಆ ಫೋಟೊಗಳನ್ನು ಎಷ್ಟು ಗಂಟೆಗೆ ತೆಗೆದದ್ದು ಅಂತ ನೋಡಿರಿ. ಒಂಬತ್ತು ದಾಟಿದ ಮೇಲಿನವೇ ಹೆಚ್ಚಿದ್ದರೆ ತಪ್ಪು ಲೆನ್ಸಿನದಲ್ಲ, ನಿಮಗೂ ಹಕ್ಕಿಗೂ ನಡುವಿನ ಗಾಳಿಯದು. ಎರೆಮಣ್ಣು ಕಪ್ಪು, ಚಳಿಗಾಲದಲ್ಲೂ ಬಿಸಿಲು ಬಿದ್ದು ಎರಡು ತಾಸಿಗೆಲ್ಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ತಂಪು ಗಾಳಿ ಅದರೊಳಗೆ ಬೆರೆಯುತ್ತದೆ. ಬಿಸಿ ಗಾಳಿಯಲ್ಲಿ ಬೆಳಕು ಒಂದು ಥರ ಬಾಗಿದರೆ ತಂಪು ಗಾಳಿಯಲ್ಲಿ ಇನ್ನೊಂದು ಥರ. 200 ಮೀಟರ್ ದೂರದ ಹಕ್ಕಿಯಿಂದ ಬರುವ ಬೆಳಕು ಇಂಥ ನೂರಾರು ಪದರ ದಾಟಿ ಬರಬೇಕು. ಶಟರನ್ನು 1/4000ಕ್ಕೆ ಏರಿಸಿದರೂ ಉಪಯೋಗವಿಲ್ಲ. ಅದು ಕೈನಡುಕವನ್ನೂ ರೆಕ್ಕೆಯ ಓಟವನ್ನೂ ಹಿಡಿದು ನಿಲ್ಲಿಸುತ್ತದೆ, ಬೆಳಕಿನ ಡೊಂಕನ್ನಲ್ಲ. ಟೆಲಿಕನ್ವರ್ಟರ್ (ದೂರದ್ದನ್ನು ಇನ್ನೂ ಹಿಗ್ಗಿಸಲು ಲೆನ್ಸಿಗೆ ಜೋಡಿಸುವ ಸಣ್ಣ ಲೆನ್ಸ್) ಹಾಕಿದರಂತೂ ಕಲಸಿದ್ದೇ ದೊಡ್ಡದಾಗಿ ಕಾಣುತ್ತದೆ.

ಖಾತ್ರಿ ಮಾಡಿಕೊಳ್ಳಲು ಸುಮ್ಮನೆ ನಿಂತ ಹೆಬ್ಬಾತಿನ ಹತ್ತು ಫೋಟೊ ಒಂದೇ ಸಮನೆ ತೆಗೆಯಿರಿ. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಅವುಗಳ ಅಂಚು ಒಂದೊಂದು ಚಿತ್ರದಲ್ಲಿ ಒಂದೊಂದು ರೀತಿ ಅಲೆಯಾಗಿ ಕಂಡರೆ ಅದು ಬಿಸಿಗಾಳಿಯ ಕೆಲಸ. ಫೋಕಸ್ ತಪ್ಪಿದ್ದರೆ ಹಾಗಾಗದು: ಹಕ್ಕಿ ಮಸುಕಾಗಿ, ಅದರ ಮುಂದಿನ ಇಲ್ಲವೇ ಹಿಂದಿನ ಹೆಂಟೆ ಚೊಕ್ಕ ಬಂದಿರುತ್ತದೆ. ಆಗಲೂ ಸಂಶಯ ಹೋಗದಿದ್ದರೆ ಬೆಳಗಿನ ತಂಪಿನಲ್ಲಿ 10 ಮೀಟರ್ ದೂರದ ಗೋಡೆಗೆ ದಿನಪತ್ರಿಕೆ ಅಂಟಿಸಿ, ಲೆನ್ಸನ್ನು ಗಟ್ಟಿಯಾದ ಆಸರೆಯ ಮೇಲಿಟ್ಟು ತೆಗೆಯಿರಿ. ಅಕ್ಷರ ಸ್ಪಷ್ಟ ಬಂದರೆ ಲೆನ್ಸಿಗೆ ಏನೂ ಆಗಿಲ್ಲ.

ಇದಕ್ಕೆ ಇರುವ ಮದ್ದು ಎರಡೇ, ಹೊತ್ತು ಮತ್ತು ಹತ್ತಿರ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಅಲ್ಲಿಂದ ಎರಡು ತಾಸು ನಿಮ್ಮದು. ನೆಲಕ್ಕೆ ಮಲಗಿ ಹಕ್ಕಿಯ ಕಣ್ಣಿನ ಮಟ್ಟದಲ್ಲಿ ತೆಗೆಯುವುದಿದ್ದರೆ ಆಗಲೇ ತೆಗೆಯಿರಿ. ಹೊತ್ತೇರಿದ ಮೇಲೆ ಅದೇ ಭಂಗಿ ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಕಾದ ಗಾಳಿ ಇರುವುದೇ ನೆಲದ ಮಗ್ಗುಲಿಗೆ. ಆಮೇಲೆ ಒಡ್ಡಿನ ಮೇಲೆ ನಿಂತು, 50 ಮೀಟರ್ ಒಳಗೆ ಬಂದ ಹಕ್ಕಿಯನ್ನಷ್ಟೇ ತೆಗೆಯಿರಿ. ಕಾರಿನೊಳಗಿಂದ ತೆಗೆಯುವವರು ಇಂಜಿನ್, ಎಸಿ ಎರಡನ್ನೂ ಬಂದ್ ಮಾಡಿ ಗಾಜು ಇಳಿಸಿ ಹದಿನೈದು ನಿಮಿಷ ಕಾಯಬೇಕು. ಒಳಗಿನ ಗಾಳಿಯೂ ಹೊರಗಿನದೂ ಕಿಟಕಿಯಲ್ಲೇ ಬೆರೆತು ಲೆನ್ಸಿನ ಮುಂದೆಯೇ ಕದಡುತ್ತವೆ. ಬಾನೆಟ್ ಮೇಲಿನಿಂದಂತೂ ತೆಗೆಯಲೇಬೇಡಿ.

ಪ್ರಶ್ನೆ: ವಿಜಯಪುರದಿಂದ ಶನಿವಾರ ಮಧ್ಯಾಹ್ನ ಹೊರಟು ರವಿವಾರ ಸಂಜೆಗೆ ತಿರುಗಿ ಬರಬೇಕು. ಆಲಮಟ್ಟಿ ಹಿನ್ನೀರು, ಯಡಹಳ್ಳಿ ವನ್ಯಜೀವಿಧಾಮ, ಧೂಪದಾಳದ ಪಕ್ಷಿಧಾಮ ಮೂರೂ ಆಗುತ್ತವೆಯೇ? ಯಾವ ತಿಂಗಳು ಒಳ್ಳೆಯದು?

ಉತ್ತರ: ಮೂರನ್ನೂ ನೋಡಬಹುದು, ಆದರೆ ಫೋಟೊ ಒಂದೂ ಸಿಗಲಿಕ್ಕಿಲ್ಲ. ಒಂದೇ ಜಾಗ ಹಿಡಿಯಿರಿ. ಶನಿವಾರ ಸಂಜೆ ಕ್ಯಾಮೆರಾ ಹೊರಗೆ ತೆಗೆಯದಿದ್ದರೂ ನಡೆದೀತು. ಹಕ್ಕಿ ಎಲ್ಲಿ ಮೇಯುತ್ತವೆ, ಕತ್ತಲಾಗುವ ಹೊತ್ತಿಗೆ ಯಾವ ದಿಕ್ಕಿಗೆ ಹಾರುತ್ತವೆ, ಬೆಳಿಗ್ಗೆ ಸೂರ್ಯ ಬೆನ್ನಿಗಿರಲು ಯಾವ ದಂಡೆಗೆ ಕೂರಬೇಕು ಎಂದು ನೋಡಿಕೊಳ್ಳಿ. ರವಿವಾರ ನಸುಕಿನಲ್ಲಿ ಹಕ್ಕಿ ಬರುವ ಮೊದಲೇ ಅಲ್ಲಿ ಕೂತಿರಿ.

ತಿಂಗಳಿಗಿಂತ ನೀರಿನ ಮಟ್ಟ ಮುಖ್ಯ. ಆಲಮಟ್ಟಿ ಜಲಾಶಯ 519.60 ಮೀಟರ್ ಗರಿಷ್ಠ ಮಟ್ಟದ ಹತ್ತಿರ ಇದ್ದರೆ ನೀರು ಹೊಲದಂಚಿಗೇ ನಿಂತು ಹಕ್ಕಿಗಳು ಚದುರಿರುತ್ತವೆ. ನೀರು ಇಳಿದು ಕೆಸರಿನ ಬಯಲು ತೆರೆದುಕೊಂಡಾಗ, ಅಂದರೆ ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ, ಗುಂಪು ಕಟ್ಟುತ್ತವೆ. ಮಾರ್ಚ್ ಹೊತ್ತಿಗೆ ಹೆಬ್ಬಾತು ಉತ್ತರಕ್ಕೆ ಹೊರಟುಬಿಡುತ್ತವೆ.

ಆ ಕೆಸರಿನ ಬಗ್ಗೆ ಒಂದು ಮಾತು. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ, ಗೇಣುದ್ದ ಕೆಳಗೆ ರಾಡಿ ಹಾಗೇ ಇರುತ್ತದೆ. ದನ ನಡೆದ ಹೆಜ್ಜೆ ಗಟ್ಟಿಯಾಗಿದ್ದ ಜಾಗದಲ್ಲಷ್ಟೇ ಕಾಲಿಡಿ, ಕೋಲಿನಿಂದ ಚುಚ್ಚುತ್ತ ಹೋಗಿ. ಕಾರು ಬಂಡಿ ದಾರಿಯಲ್ಲೇ ಇರಲಿ. ಬದು ದಾಟಿ ಕಡಲೆ ಹೊಲಕ್ಕೆ ಇಳಿಯುವ ಮುಂಚೆ ಹೊಲದವರನ್ನು ಕೇಳಿ. ಹಕ್ಕಿ ನಿನ್ನೆ ಎಲ್ಲಿ ಇಳಿದಿದ್ದವು ಎನ್ನುವುದೂ ಅವರಿಗೇ ಗೊತ್ತು, ಬೆಳೆ ತಿನ್ನಿಸಿಕೊಂಡವರು ಅವರೇ ತಾನೆ.

ಪ್ರಶ್ನೆ: ಯಡಹಳ್ಳಿಯಲ್ಲಿ ಚಿಂಕಾರ (ಸಣ್ಣ ಜಾತಿಯ ಹುಲ್ಲೆ) ಕಂಡರೂ ಫೋಟೊದಲ್ಲಿ ಬರೀ ಬೆನ್ನು. ಕೆಲವರು ಅದು ಚಿಗರಿಯೇ (ಕೃಷ್ಣಮೃಗ) ಅನ್ನುತ್ತಾರೆ. ಗುರುತಿಸುವುದು ಹೇಗೆ?
– ಮುಧೋಳದ ಓದುಗರು

ಉತ್ತರ: ಚಿಗರಿಯ ಗಂಡಿಗೆ ತಿರುಚಿದ ಕೊಂಬು, ಹೆಣ್ಣಿಗೆ ಕೊಂಬಿಲ್ಲ. ಚಿಂಕಾರದಲ್ಲಿ ಹೆಣ್ಣಿಗೂ ಸಣಕಲು ಕೊಂಬಿರುತ್ತದೆ. ಬಾಲ ಕಪ್ಪು, ಸುಮ್ಮನಿರದೆ ಅಲ್ಲಾಡುತ್ತಿರುತ್ತದೆ. ಬೆನ್ನಷ್ಟೇ ಸಿಕ್ಕರೂ ಬಾಲ ನೋಡಿ ಹೇಳಬಹುದು.

ಅದು ಗಾಬರಿಯಾದಾಗ ಮುಂಗಾಲು ನೆಲಕ್ಕೆ ಬಡಿದು ಸೀನಿದಂತೆ ಸದ್ದು ಮಾಡುತ್ತದೆ. ಅಲ್ಲಿಗೆ ನಿಂತುಬಿಡಿ. ಇನ್ನೊಂದು ಹೆಜ್ಜೆ ಇಟ್ಟಿರೋ, ಓಡಿತು. ಓಡಿದರೂ ಕ್ಯಾಮೆರಾ ಇಳಿಸಬೇಡಿ; ತುಸು ದೂರ ಹೋಗಿ ನಿಂತು ತಿರುಗಿ ನೋಡುವ ರೂಢಿ ಅದಕ್ಕಿದೆ. 1/1000 ಶಟರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿಟ್ಟು ಆ ಗಳಿಗೆಗೆ ಕಾಯಿರಿ, ಹಿಂದೆ ಬೀಳಬೇಡಿ. ನೀರಿನ ಗುಂಡಿ ಬಳಿ ಕಾಯುವುದರಲ್ಲಿ ಹೆಚ್ಚು ಫಾಯಿದೆ ಇಲ್ಲ, ಸೊಪ್ಪುಸದೆಯಿಂದಲೇ ನೀರಡಿಕೆ ತೀರಿಸಿಕೊಂಡು ಬಹಳ ದಿನ ಇರಬಲ್ಲ ಪ್ರಾಣಿ ಅದು.

2016ರಲ್ಲಿ ಘೋಷಣೆಯಾದ ಈ ವನ್ಯಜೀವಿಧಾಮದೊಳಗೆ ಹೋಗಲು, ಫೋಟೊ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಖಾನಾಪುರದ ಭೀಮಗಡಕ್ಕೂ ಅಷ್ಟೇ.

ಪ್ರಶ್ನೆ: ಬಿಳಿ ಕೊಕ್ಕರೆಗಳು ಹೊಲದಲ್ಲಿ ಸುಣ್ಣ ಬಳಿದಂತೆ ಬರುತ್ತವೆ, ಆಕಾಶದಲ್ಲಿ ಹಾರುವಾಗ ಮಸಿಯಂತೆ.

ಉತ್ತರ: ಕ್ಯಾಮೆರಾ ಇಡೀ ಚೌಕಟ್ಟನ್ನು ನಡುಬೂದಿ ಮಾಡಲು ನೋಡುತ್ತದೆ. ಕಪ್ಪು ಹೊಲ ತುಂಬಿದ್ದರೆ ಬೆಳಕು ಏರಿಸುತ್ತದೆ, ಬೆಳ್ಳಗಿನ ಆಕಾಶ ತುಂಬಿದ್ದರೆ ಇಳಿಸುತ್ತದೆ. ಹೊಲದಲ್ಲಿ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಕ್ಯಾಮೆರಾ ಆರಿಸಿದ ಬೆಳಕನ್ನು ನಾವೇ ಏರಿಳಿಸುವ ಹೊಂದಿಕೆ) ಮೈನಸ್ 1, ಆಕಾಶಕ್ಕೆ ಪ್ಲಸ್ 1ರಿಂದ ಶುರುಮಾಡಿ, ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪು, ಬಿಳುಪು ಎಷ್ಟೆಷ್ಟು ಎಂದು ತೋರುವ ನಕ್ಷೆ) ನೋಡಿ ತಿದ್ದಿ.

ಪ್ರಶ್ನೆ: ನಡೆದಾಡುವಾಗ ಟ್ರೈಪಾಡ್ ಭಾರ. ಬೇರೆ ಉಪಾಯ?
– ಗೋಕಾಕದ ಓದುಗರು

ಉತ್ತರ: ಲೆನ್ಸಿಗೆ ಆಸರೆಯಾಗುವ ಚೀಲ ಮಾಡಿಕೊಳ್ಳಿ. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಒಂದೂವರೆ ಗೇಣು ಕತ್ತರಿಸಿ, ಒಂದು ಬಾಯಿ ಹೊಲಿದು ಇನ್ನೊಂದಕ್ಕೆ ಜಿಪ್ ಹಚ್ಚಿಸಿ. ಖಾಲಿ ಚೀಲ ಒಯ್ದು, ಅಲ್ಲಿಯ ಅಂಗಡಿಯಲ್ಲಿ ಎರಡು ಕಿಲೋ ಜೋಳ ಕೊಂಡು ಮುಕ್ಕಾಲು ಭಾಗ ತುಂಬಿರಿ. ಬಿಗಿಯಾಗಿ ತುಂಬಿದರೆ ಲೆನ್ಸ್ ಕೂರುವುದಿಲ್ಲ, ಉರುಳುತ್ತದೆ. ಹಗುರಾಗಲಿ ಅಂತ ಚುರಮುರಿ ತುಂಬುವವರಿದ್ದಾರೆ, ಎರಡು ಕಿಲೋ ಲೆನ್ಸಿನ ಕೆಳಗೆ ಅದು ಮಧ್ಯಾಹ್ನದೊಳಗೆ ಹಿಟ್ಟಾಗುತ್ತದೆ. ಮನೆಗೆ ಬಂದ ದಿನವೇ ಜೋಳ ಸುರುವಿಬಿಡಿ. ಇಬ್ಬನಿಗೆ ನೆನೆದ ಚೀಲ ಕಪಾಟಿನಲ್ಲಿ ಉಳಿದರೆ ಮುಗ್ಗಲು ಹಿಡಿಯುತ್ತದೆ, ಪಕ್ಕದಲ್ಲಿಟ್ಟ ಲೆನ್ಸಿಗೂ ಬೂಷ್ಟು ಹತ್ತಬಹುದು.