ಬಿದ್ದ ಚಾವಣಿಗೆ ಒಂದೇ ಸಾಲೇ?

ನಮಸ್ಕಾರ.

ಇಟಲಿಯ ಶಿಲ್ಪಿ, ವಾಸ್ತುಶಿಲ್ಪಿ ಜಾಕೋಪೋ ಸಾನ್ಸೊವಿನೋ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ, ಅದಕ್ಕೇ ಈ ಪತ್ರ.

ಎಂಟು ಪುಟ ಬರೆದಿದ್ದೀರಿ. 1486ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದರು, ಅದನ್ನು ಕೆತ್ತಿದರು, ಇದನ್ನು ಕಟ್ಟಿದರು, 1570ರಲ್ಲಿ ತೀರಿಕೊಂಡರು. ಮದುವೆ ಮನೆಯ ಮುಯ್ಯಿ ಪಟ್ಟಿ ಓದಿದ ಹಾಗಾಯಿತು. ಐದನೇ ಪುಟದಲ್ಲಿ ಒಂದು ಸಾಲು ಬರುತ್ತದೆ: ‘1545ರಲ್ಲಿ ಗ್ರಂಥಾಲಯದ ಚಾವಣಿಗೆ ಸ್ವಲ್ಪ ಹಾನಿಯಾಯಿತು.’ ಮುಂದಿನ ಸಾಲಿಗೆ ಮತ್ತೆ ಪಟ್ಟಿ ಶುರು.

ಸ್ವಲ್ಪ ಹಾನಿಯೇ? ಡಿಸೆಂಬರ್ 18ರಂದು ವೆನಿಸ್‌ನ ಸರ್ಕಾರಿ ಗ್ರಂಥಾಲಯದ ಕಮಾನು ಚಾವಣಿ ಕುಸಿದು ಬಿತ್ತು. ಕಟ್ಟಿಸುತ್ತಿದ್ದ ಸಾನ್ಸೊವಿನೋ ಅವರನ್ನೇ ಜೈಲಿಗೆ ಹಾಕಿದರು! ಕೆಲಸಗಾರರು ಆಸರೆಯ ಮರಗಳನ್ನು ಬೇಗ ತೆಗೆದರು, ಹತ್ತಿರದಲ್ಲೇ ಹಡಗೊಂದು ಫಿರಂಗಿ ಹಾರಿಸಿತು ಎಂದೆಲ್ಲ ಅವರು ಕಾರಣ ಕೊಟ್ಟರು. ಚಿತ್ರಕಾರ ಟಿಷಿಯನ್, ಲೇಖಕ ಅರೆತಿನೋ ಅವರಂಥ ಗೆಳೆಯರು ಪರವಾಗಿ ನಿಂತರು. ಬಿಡುಗಡೆಯಾಯಿತು, ಆದರೆ ನಷ್ಟ ಅವರ ತಲೆಗೇ ಬಂತು. ಸಾಲ ತೀರಿಸಲು ವರ್ಷಗಟ್ಟಲೆ ಹಿಡಿಯಿತು.

ಇನ್ನೊಂದು ವಿಷಯ ನಿಮ್ಮ ಮೂರನೇ ಪುಟದಲ್ಲೇ ಇದೆ, ನೀವು ಎರಡನ್ನೂ ಜೋಡಿಸಿಲ್ಲ ಅಷ್ಟೆ. 1527ರಲ್ಲಿ ರೋಮ್ ಲೂಟಿಯಾದಾಗ ಇವರು ಓಡಿ ವೆನಿಸ್‌ಗೆ ಬಂದರು. ಅಲ್ಲಿ ಸಂತ ಮಾರ್ಕನ ಚರ್ಚಿನ ಗುಮ್ಮಟಗಳು ಬಿರುಕು ಬಿಟ್ಟಿದ್ದವು. ಕಬ್ಬಿಣದ ಪಟ್ಟಿ ಬಿಗಿದು ಅವುಗಳನ್ನು ಉಳಿಸಿದರು. ಆಮೇಲೆ, 1529ರಲ್ಲಿ, ಮುಖ್ಯ ವಾಸ್ತುಶಿಲ್ಪಿಯ ಕೆಲಸ ಸಿಕ್ಕಿತು. ಬೇರೆಯವರ ಗುಮ್ಮಟ ನಿಲ್ಲಿಸಿ ಹೆಸರು ಮಾಡಿದವರ ಸ್ವಂತ ಚಾವಣಿ ಬಿತ್ತು. ಕಥೆ ಇರುವುದು ಇಲ್ಲಿ ಅಲ್ವಾ?

ಇದರ ಜೊತೆ ನೆಲದ ಮಾತೂ ಬರಬೇಕು. ವೆನಿಸ್ ನಿಂತಿರುವುದು ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ. ಭಾರದ ಕಮಾನು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೇ ಅಲ್ಲಿಯವರು ಸಾಮಾನ್ಯವಾಗಿ ಮರದ ತೊಲೆ ಹಾಕುತ್ತಿದ್ದರು. ಇವರು ರೋಮ್‌ನ ಕೈರೂಢಿ ಬಿಡಲಿಲ್ಲ, ಭಾರದ ಕಮಾನನ್ನೇ ಕಟ್ಟಿದರು. ಎರಡನೇ ಸಲ ಬಿಟ್ಟರು: ಮೇಲೆ ಮರದ ಮಾಡು, ಕೆಳಗೆ ನೋಡಲಷ್ಟೇ ಕಮಾನಿನಂಥ ಹಗುರ ಚಾವಣಿ.

ಶಿಲ್ಪಗಳ ಪಟ್ಟಿಯಲ್ಲಿ ರೋಮನ್ ದೇವರುಗಳಾದ ಮಾರ್ಸ್ ಮತ್ತು ನೆಪ್ಚೂನ್ ಮಾತ್ರ ಉಳಿಸಿಕೊಳ್ಳಿ. ಗ್ರಂಥಾಲಯದ ಎದುರಿಗಿರುವ ಅರಮನೆಯ ಮೆಟ್ಟಿಲ ಮೇಲೆ 1567ರಲ್ಲಿ ಈ ಎರಡು ದೈತ್ಯ ವಿಗ್ರಹಗಳನ್ನು ನಿಲ್ಲಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಗ್ರಂಥಾಲಯ ಮಾತ್ರ ಅವರ ಕಾಲಕ್ಕೆ ಮುಗಿಯಲಿಲ್ಲ. ಅದನ್ನು ಮುಗಿಸಿದವರು ಇನ್ನೊಬ್ಬ ವಾಸ್ತುಶಿಲ್ಪಿ ಸ್ಕಾಮೊತ್ಸಿ.

ಸಣ್ಣ ತಕರಾರುಗಳೂ ಇವೆ. ‘ನವೋದಯ ಕಾಲ’ ಎಂದು ಬರೆದರೆ ನಮ್ಮ ಓದುಗರಿಗೆ ಬೇಂದ್ರೆ, ಕುವೆಂಪು ನೆನಪಾಗುತ್ತಾರೆ. ‘ಪುನರುಜ್ಜೀವನ’ ಎನ್ನಿ. ‘ಮಹಾನ್’ ಹನ್ನೊಂದು ಕಡೆ ಬಂದಿದೆ, ಹನ್ನೊಂದನ್ನೂ ಹೊಡೆದುಹಾಕಿ. ಹೆಸರನ್ನು ಮೂರು ಥರ ಬರೆದಿದ್ದೀರಿ, ಒಂದನ್ನು ಹಿಡಿದುಕೊಳ್ಳಿ. ಅಂದಹಾಗೆ ಅದು ಹುಟ್ಟಿದಾಗಿನ ಹೆಸರೂ ಅಲ್ಲ. ಅವರು ಜಾಕೋಪೋ ತಾತ್ತಿ. ಸಾನ್ಸೊವಿನೋ ಎಂಬುದು ಗುರು ಆಂದ್ರೆಯಾ ಸಾನ್ಸೊವಿನೋ ಅವರಿಂದ ಬಂದದ್ದು. ನೀವು ಇದನ್ನು ಬಿಟ್ಟೇಬಿಟ್ಟಿದ್ದೀರಿ.

ಚಾವಣಿ ಬಿದ್ದ ದಿನದಿಂದ ಶುರು ಮಾಡಿ. ನಾಲ್ಕು ಪುಟ ಸಾಕು. ಮುಂದಿನ ತಿಂಗಳೊಳಗೆ ಕಳಿಸಿದರೆ ಮೊದಲು ನಿಮ್ಮದನ್ನೇ ಓದುತ್ತೇನೆ.